ಬಾರದ ಉತ್ತರದ ಲೆಕ್ಕ: ತಾರತಮ್ಯವನ್ನು ಅಳೆಯುವ ಹೆಸರಿನ ಪ್ರಯೋಗಗಳ ಕುರಿತು ಒಂದು ಟಿಪ್ಪಣಿ

ಕೆಲಸಕ್ಕೆ ಅರ್ಜಿ ಹಾಕಿದವನಿಗೆ ಉತ್ತರ ಬರುವುದಿಲ್ಲ. ಬಾರದಿರುವುದಕ್ಕೆ ಕಾರಣ ಹತ್ತಿರಬಹುದು. ಹುದ್ದೆ ಆಗಲೇ ತುಂಬಿರಬಹುದು, ಅಂಕ ಸಾಲದೆ ಹೋಗಿರಬಹುದು, ಅರ್ಜಿ ಯಾರದೋ ಮೇಜಿನ ಮೇಲೆ ಕಡತಗಳ ಅಡಿಯಲ್ಲಿ ಉಳಿದಿರಬಹುದು. ಹೆಸರು ನೋಡಿ ಪಕ್ಕಕ್ಕಿಟ್ಟಿರಲೂಬಹುದು. ಕೊನೆಯದೇ ನಿಜವಾದ ಕಾರಣವಾಗಿದ್ದರೂ ಅರ್ಜಿದಾರನಿಗೆ ಅದು ತಿಳಿಯುವ ದಾರಿಯಿಲ್ಲ. ಬೈದರೆ ಕೇಳಿದವರಿರುತ್ತಾರೆ, ಹೊರಗೆ ತಳ್ಳಿದರೆ ನೋಡಿದವರಿರುತ್ತಾರೆ. ಬಾರದ ಉತ್ತರಕ್ಕೆ ಸಾಕ್ಷಿಯನ್ನು ಎಲ್ಲಿಂದ ತರುವುದು? ಹಾಗಾಗಿ ಅವನು ತಪ್ಪನ್ನು ತನ್ನಲ್ಲೇ ಹುಡುಕುತ್ತಾನೆ. ಇನ್ನೊಂದು ಕೋರ್ಸು ಮಾಡುತ್ತಾನೆ, ಬಯೋಡೇಟಾ ತಿದ್ದಿ ಬರೆಯುತ್ತಾನೆ, ಮತ್ತೆ ಕಾಯುತ್ತಾನೆ.

ಇದಕ್ಕೆ ಸಮಾಜವಿಜ್ಞಾನ ಕಂಡುಕೊಂಡ ಉಪಾಯವೆಂದರೆ ಆ ಅರ್ಜಿದಾರನಿಗೆ ಒಬ್ಬ ಅವಳಿಯನ್ನು ಸೃಷ್ಟಿಸುವುದು. ಓದು, ಅನುಭವ, ವಯಸ್ಸು ಎಲ್ಲವೂ ಒಂದೇ. ಮೈಬಣ್ಣ ಮಾತ್ರ ಬೇರೆ, ಅಥವಾ ಹೆಸರು ಮಾತ್ರ ಬೇರೆ. ಇಬ್ಬರೂ ಒಂದೇ ಬಾಗಿಲು ತಟ್ಟುತ್ತಾರೆ. ಇಂಥ ನೂರಾರು ಜೋಡಿಗಳ ಅನುಭವವನ್ನು ಒಟ್ಟು ಸೇರಿಸಿದಾಗ, ಒಬ್ಬರ ಬದುಕಿನಲ್ಲಿ ಎಂದೂ ಕಣ್ಣಿಗೆ ಬೀಳದ್ದು ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಮನುಷ್ಯರೇ ಹೋಗಿ ಬಾಗಿಲು ತಟ್ಟಿದರೆ ಅದನ್ನು ಜೋಡಿ ಪರೀಕ್ಷೆ ಎಂದೂ, ಅವರ ಬದಲು ಕಾಗದ ಮಾತ್ರ ಹೋದರೆ ಅರ್ಜಿ ಪ್ರಯೋಗ ಎಂದೂ ಇಲ್ಲಿ ಕರೆದಿದ್ದೇನೆ. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಜನಾಂಗ ತಾರತಮ್ಯದ ಕುರಿತು ನಮಗೆ ಖಚಿತವಾಗಿ ಗೊತ್ತಿರುವ ಬಹಳಷ್ಟು ಸಂಗತಿ ಈ ವಿಧಾನದಿಂದ ಬಂದದ್ದು. ಭಾರತದಲ್ಲಿ ಜಾತಿ ಮತ್ತು ಧರ್ಮದ ವಿಷಯಕ್ಕೆ ಇದನ್ನು ತಂದು ಸುಮಾರು ಇಪ್ಪತ್ತು ವರ್ಷವಾಯಿತು. ಈ ಪ್ರಯೋಗಗಳ ಫಲಿತಾಂಶವನ್ನು ಓದುವಷ್ಟೇ ಎಚ್ಚರದಿಂದ ಅವು ನಿಂತಿರುವ ಒಂದು ಊಹೆಯನ್ನೂ ಓದಬೇಕು ಎಂಬುದು ನನ್ನ ವಾದ. ಹೆಸರು ಓದಿದೊಡನೆ ಜನ ಗೊತ್ತಾಗುತ್ತದೆ ಎಂಬುದೇ ಆ ಊಹೆ. ಕರ್ನಾಟಕದಲ್ಲಿ ಅದು ಎಲ್ಲ ಕಡೆ ಒಂದೇ ಸಮನೆ ನಿಲ್ಲುವುದಿಲ್ಲ.

ಮೊದಲಿಗೆ, ಜನರನ್ನೇ ಕೇಳಿದರೆ ಸಾಲದೇ ಎಂಬ ಪ್ರಶ್ನೆ. ಸಾಲದು ಎಂದು 1934ರಲ್ಲೇ ಕಂಡಿತ್ತು. ಸ್ಟ್ಯಾನ್‌ಫರ್ಡಿನ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ ಒಬ್ಬ ಚೀನೀ ವಿದ್ಯಾರ್ಥಿ ಮತ್ತು ಅವನ ಹೆಂಡತಿಯೊಂದಿಗೆ ಅಮೆರಿಕದುದ್ದಕ್ಕೂ ಕಾರಿನಲ್ಲಿ ಓಡಾಡಿದ್ದರು. ಚೀನೀಯರ ವಲಸೆಯನ್ನೇ ನಿಷೇಧಿಸಿದ್ದ ಕಾನೂನು ಜಾರಿಯಲ್ಲಿದ್ದ ಕಾಲ ಅದು. 251 ಹೋಟೆಲು, ಊಟದ ಮನೆಗಳಲ್ಲಿ ಅವರನ್ನು ಒಳಗೆ ಬಿಡದಿದ್ದದ್ದು ಒಂದೇ ಕಡೆ. ತಿಂಗಳುಗಳ ನಂತರ ಅದೇ ಜಾಗಗಳಿಗೆ ಲಾಪಿಯರ್ ಪತ್ರ ಬರೆದು ಚೀನೀಯರನ್ನು ಸೇರಿಸಿಕೊಳ್ಳುವಿರಾ ಎಂದು ಕೇಳಿದರು. ಉತ್ತರಿಸಿದ 128 ಕಡೆಯವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಇಲ್ಲ ಎಂದರು. ನುಡಿಗೂ ನಡೆಗೂ ನಡುವಿನ ಈ ಬಿರುಕು ಅಂದಿನಿಂದ ಸಮಾಜವಿಜ್ಞಾನವನ್ನು ಬಿಟ್ಟಿಲ್ಲ. ಲಾಪಿಯರ್ ಕಂಡದ್ದು ಕೆಟ್ಟ ನುಡಿ, ಒಳ್ಳೆಯ ನಡೆ. ಎಪ್ಪತ್ತು ವರ್ಷಗಳ ನಂತರ ಅಮೆರಿಕದಲ್ಲೇ ಅದರ ತಿರುವುಮುರುವು ಕಾಣಲಿತ್ತು.

ನಡುವೆ ಬ್ರಿಟನ್ನಿನ ಒಂದು ಅಧ್ಯಯನವಿದೆ. ಈಗ ಅದನ್ನು ಓದುವವರು ಕಡಿಮೆ. ವಿನ್ಯಾಸದ ದೃಷ್ಟಿಯಿಂದ ನನಗೆ ಅತ್ಯಂತ ಚೊಕ್ಕವೆನಿಸಿದ್ದು ಅದೇ. 1965ರ ಜನಾಂಗ ಸಂಬಂಧ ಕಾಯ್ದೆ ಸಾರ್ವಜನಿಕ ಸ್ಥಳಗಳಲ್ಲಿನ ತಾರತಮ್ಯವನ್ನು ಮಾತ್ರ ಮುಟ್ಟಿತ್ತು. ಕೆಲಸ, ಮನೆ ಅದರ ಹೊರಗಿದ್ದವು. ಪೊಲಿಟಿಕಲ್ ಅಂಡ್ ಎಕನಾಮಿಕ್ ಪ್ಲಾನಿಂಗ್ ಎಂಬ ಸಂಶೋಧನಾ ಸಂಸ್ಥೆಯ ಪರವಾಗಿ ಡಬ್ಲ್ಯು. ಡಬ್ಲ್ಯು. ಡೇನಿಯಲ್ ನಡೆಸಿದ ಪರೀಕ್ಷೆ ಈ ಕೊರತೆಯನ್ನು ತುಂಬಲು ಹೊರಟಿತು. ವರದಿ ಬಂದದ್ದು 1967ರಲ್ಲಿ. ಡೇನಿಯಲ್ ಕೆಲಸಕ್ಕೂ ಬಾಡಿಗೆ ಮನೆಗೂ ಮೂವರನ್ನು ಕಳಿಸಿದರು: ಒಬ್ಬ ಬಿಳಿಯ ಇಂಗ್ಲಿಷಿನವನು, ವೆಸ್ಟ್ ಇಂಡೀಸಿನಿಂದಲೋ ನಮ್ಮ ಉಪಖಂಡದಿಂದಲೋ ಬಂದ ಒಬ್ಬ, ಇವರಿಬ್ಬರ ಜೊತೆಗೆ ಒಬ್ಬ ಹಂಗೆರಿಯವನು. ಮೂರನೆಯವನು ಯಾಕೆ? ಕರಿಯನಿಗೆ ಕೆಲಸ ಕೊಡದವರು ಸಾಮಾನ್ಯವಾಗಿ ಹೇಳುತ್ತಿದ್ದುದು ಬಣ್ಣದ ಮಾತನ್ನಲ್ಲ. ಹೊರಗಿನವನು, ಭಾಷೆ ಬಾರದು, ಇಲ್ಲಿನ ರೀತಿ ಗೊತ್ತಿಲ್ಲ ಎನ್ನುತ್ತಿದ್ದರು. ಹಂಗೆರಿಯವನೂ ಹೊರಗಿನವನೇ. ಇಂಗ್ಲಿಷು ಅವನಿಗೂ ತಾಯ್ನುಡಿಯಲ್ಲ. ಬಣ್ಣ ಮಾತ್ರ ಬಿಳಿ. ಅವನಿಗೆ ಬಾಗಿಲು ತೆರೆದು, ಮತ್ತೊಬ್ಬ ಹೊರಗಿನವನಿಗೆ ಮುಚ್ಚಿದಾಗ ‘ಹೊರಗಿನವನು’ ಎಂಬ ನೆಪ ತಾನಾಗಿಯೇ ಕಳಚಿ ಬಿತ್ತು. 1968ರ ಹೊಸ ಕಾಯ್ದೆ ಕೆಲಸವನ್ನೂ ವಸತಿಯನ್ನೂ ಒಳಗೊಂಡಿತು. ಅದಕ್ಕೆ ಈ ವರದಿ ಒದಗಿಸಿದ ಆಧಾರ ದೊಡ್ಡದು. ಆ ಹಂಗೆರಿಯವನನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಟಿಪ್ಪಣಿಯ ಕೊನೆಗೆ ಅವನು ಮತ್ತೆ ಬೇಕಾಗುತ್ತಾನೆ.

ಈಗ ಮಿಲ್ವಾಕಿಗೆ ಬರೋಣ. 2001ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿ ಡೆವಾ ಪೇಜರ್ ಆ ನಗರದ 350 ಕಡೆ ನಾಲ್ಕು ಯುವಕರನ್ನು ಕೆಲಸ ಕೇಳಲು ಕಳಿಸಿದರು. ಇಬ್ಬರು ಬಿಳಿಯರು, ಇಬ್ಬರು ಕರಿಯರು. ಎಲ್ಲರೂ ಕಾಲೇಜು ವಿದ್ಯಾರ್ಥಿಗಳು, ಮಾತು ನಡೆಗಳಲ್ಲಿ ಆದಷ್ಟೂ ಒಬ್ಬರನ್ನೊಬ್ಬರು ಹೋಲುವವರು. ಕೇಳಿದ್ದು ಹೆಚ್ಚಿನ ಓದು ಬೇಡದ ಕೆಲಸಗಳನ್ನು. ಪ್ರತಿ ಜೋಡಿಯಲ್ಲಿ ಒಬ್ಬ ತಾನು ಮಾದಕವಸ್ತು ಅಪರಾಧದಲ್ಲಿ ಶಿಕ್ಷೆಯಾಗಿ 18 ತಿಂಗಳು ಜೈಲಿನಲ್ಲಿದ್ದು ಬಂದವನೆಂದು ಅರ್ಜಿಯಲ್ಲಿ ತೋರಿಸಬೇಕು. ಈ ಕಳಂಕ ಒಬ್ಬನ ಸ್ವಭಾವಕ್ಕೆ ಅಂಟಿಕೊಳ್ಳದಿರಲೆಂದು ವಾರ ವಾರ ಪಾತ್ರ ಬದಲಾಗುತ್ತಿತ್ತು. ಎಣಿಸಿದ್ದು ಒಂದನ್ನೇ: ಮಾಲೀಕರಿಂದ ಮತ್ತೆ ಕರೆ ಬಂತೇ, ಇಲ್ಲವೇ?

ಜೈಲು ಕಾಣದ ಬಿಳಿಯನಿಗೆ ಶೇ. 34 ಕಡೆಗಳಿಂದ ಕರೆ ಬಂತು. ಜೈಲಿನಿಂದ ಬಂದ ಬಿಳಿಯನಿಗೆ ಶೇ. 17. ಜೈಲು ಕಾಣದ ಕರಿಯನಿಗೆ ಶೇ. 14. ಜೈಲಿನಿಂದ ಬಂದ ಕರಿಯನಿಗೆ ಶೇ. 5.

ಈ ನಾಲ್ಕು ಅಂಕಿಗಳ ನಡುವಿನ ಎರಡನ್ನು ಮತ್ತೆ ನೋಡಬೇಕು. ಏನೂ ತಪ್ಪು ಮಾಡದ ಕರಿಯ ಯುವಕ, ಜೈಲುವಾಸ ಮುಗಿಸಿ ಬಂದ ಬಿಳಿಯನಷ್ಟೂ ಮಾಲೀಕರಿಗೆ ಬೇಕಾಗಲಿಲ್ಲ. 2003ರಲ್ಲಿ ಪ್ರಕಟವಾದ ಈ ಪ್ರಬಂಧ ಸಮಾಜಶಾಸ್ತ್ರ ವಿಭಾಗಗಳ ಗೋಡೆ ದಾಟಿ ಹೋಗಲು ಕಾರಣ ಈ ಹೋಲಿಕೆಯೇ. ವರ್ಷಕ್ಕೆ 6 ಲಕ್ಷಕ್ಕೂ ಹೆಚ್ಚು ಜನ ಅಮೆರಿಕದ ಜೈಲುಗಳಿಂದ ಹೊರಬರುತ್ತಿದ್ದ ಹೊತ್ತು ಅದು. ಅವರಲ್ಲಿ ಕರಿಯರ ಪಾಲು ಜನಸಂಖ್ಯೆಯಲ್ಲಿ ಅವರಿಗಿದ್ದ ಪಾಲಿಗಿಂತ ಬಹಳ ಹೆಚ್ಚು. ವಿಸ್ಕಾನ್ಸಿನ್ ರಾಜ್ಯದಲ್ಲಿ, ಕೆಲಸಕ್ಕೂ ಅಪರಾಧಕ್ಕೂ ನೇರ ಸಂಬಂಧವಿಲ್ಲದಿದ್ದರೆ ಹಳೆಯ ಶಿಕ್ಷೆಯ ಕಾರಣಕ್ಕೆ ಕೆಲಸ ನಿರಾಕರಿಸಬಾರದೆಂಬ ಕಾನೂನು ಮೊದಲೇ ಇತ್ತು. ಫಲಿತಾಂಶ ಬಂದದ್ದು ಆ ಕಾನೂನಿನ ಎದುರಿಗೇ.

ವಿಧಾನದ ಒಂದು ಮಿತಿಯನ್ನು ಇಲ್ಲಿಯೇ ದಾಖಲಿಸಬೇಕು. ಮಿಲ್ವಾಕಿಯಲ್ಲಿ ಬಿಳಿಯರ ಜೋಡಿ ಹೋದದ್ದು 150 ಕಡೆ, ಕರಿಯರ ಜೋಡಿ ಹೋದದ್ದು ಬೇರೆ 200 ಕಡೆ. ಅಂದರೆ ಜೈಲಿನ ಗುರುತಿನ ಹೋಲಿಕೆ ಒಂದೇ ಮಾಲೀಕನ ಎದುರು ನಡೆದದ್ದು, ಬಣ್ಣದ ಹೋಲಿಕೆ ಬೇರೆ ಬೇರೆ ಮಾಲೀಕರ ನಡುವಿನದು. ಎರಡನೆಯದು ಮೊದಲಿನದಕ್ಕಿಂತ ಸ್ವಲ್ಪ ಸಡಿಲವಾದ ಸಾಕ್ಷ್ಯ. ಪೇಜರ್, ಬ್ರೂಸ್ ವೆಸ್ಟರ್ನ್ ಮತ್ತು ಬಾರ್ಟ್ ಬೋನಿಕೋವ್ಸ್ಕಿ ನ್ಯೂಯಾರ್ಕಿನಲ್ಲಿ ಮಾಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸರಿಪಡಿಸಿತು. ಅಲ್ಲಿ ಬಿಳಿಯ, ಕರಿಯ, ಲ್ಯಾಟಿನೋ ಮೂವರೂ ಒಂದೇ ಮಾಲೀಕನ ಬಳಿ ಹೋದರು. ಬಿಳಿಯನಿಗೆ ದೊರೆತ ಅನುಕೂಲದ ಅರ್ಧದಷ್ಟು ಮಾತ್ರ ಕರಿಯನಿಗೆ ದೊರೆಯಿತು. ಜೈಲಿನಿಂದ ಬಂದ ಬಿಳಿಯನೂ ಕಳಂಕವಿಲ್ಲದ ಕರಿಯನೂ ಅಲ್ಲಿ ಹೆಚ್ಚುಕಡಿಮೆ ಸರಿಸಮನಾಗಿ ನಿಂತರು.

ಪೇಜರ್ ಇನ್ನೊಂದು ಕೆಲಸ ಮಾಡಿದರು. ನನ್ನ ಲೆಕ್ಕದಲ್ಲಿ ಅದು ಮೊದಲಿನದಕ್ಕಿಂತ ದೊಡ್ಡದು. ಲಿಂಕನ್ ಕ್ವಿಲಿಯನ್ ಜೊತೆ ಸೇರಿ, ಮಿಲ್ವಾಕಿಯ ಅದೇ ಮಾಲೀಕರಿಗೆ ಕೆಲವು ತಿಂಗಳ ನಂತರ ಫೋನು ಮಾಡಿಸಿ, ಜೈಲಿನಿಂದ ಬಂದವರಿಗೆ ಕೆಲಸ ಕೊಡುವಿರಾ ಎಂದು ವಿಚಾರಿಸಿದರು. ಬಹಳ ಜನ ಕೊಡುತ್ತೇವೆ ಎಂದರು. ಕರಿಯ ಅರ್ಜಿದಾರನ ಬಗ್ಗೆ ಕೇಳಿದಾಗಲೂ ಬಿಳಿಯನ ಬಗ್ಗೆ ಕೇಳಿದಾಗಲೂ ಬಂದ ಉತ್ತರದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಕೊಡುತ್ತೇವೆ ಎಂದವರ ನಡೆಯನ್ನೂ ಕೊಡುವುದಿಲ್ಲ ಎಂದವರ ನಡೆಯನ್ನೂ ಮೊದಲಿನ ಪರೀಕ್ಷೆಯ ದಾಖಲೆಯೊಂದಿಗೆ ಹೋಲಿಸಿದರೆ ಅವೆರಡರ ನಡುವೆ ಗಣನೀಯ ಅಂತರ ಸಿಗಲಿಲ್ಲ. ಲಾಪಿಯರ್ ಕಂಡದ್ದರ ತಿರುವುಮುರುವು ಎಂದದ್ದು ಇದನ್ನೇ. ಆ ಮಾಲೀಕರು ಸುಳ್ಳು ಹೇಳಿದರೆಂದು ತಿಳಿಯಬೇಕಾಗಿಲ್ಲ. ಫೋನಿನಲ್ಲಿ ಕೇಳಿದಾಗ ಮನಸ್ಸಿಗೆ ಬರುವುದು ತತ್ವ. ಎದುರಿಗೆ ಇಪ್ಪತ್ತು ಅರ್ಜಿಗಳಿದ್ದು ಇಬ್ಬರನ್ನು ಮಾತ್ರ ಕರೆಯಬೇಕಾದಾಗ ಕೆಲಸ ಮಾಡುವುದು ಬೇರೆಯೇ ಒಂದು ಅಭ್ಯಾಸ. ಪೇಜರ್ 2018ರಲ್ಲಿ, 46ನೆಯ ವಯಸ್ಸಿನಲ್ಲಿ ತೀರಿಕೊಂಡರು. ಈ ಎರಡು ಅಧ್ಯಯನಗಳ ನಂತರ, ಸಮೀಕ್ಷೆಯಲ್ಲಿ ಪೂರ್ವಗ್ರಹ ಕಡಿಮೆಯಾಗಿದೆ ಎಂಬ ಉತ್ತರ ಬಂದ ಮಾತ್ರಕ್ಕೆ ತಾರತಮ್ಯ ಕಡಿಮೆಯಾಗಿದೆ ಎಂದು ಬರೆಯುವುದು ಕಷ್ಟವಾಗಿದೆ.

ಮನುಷ್ಯರನ್ನು ಕಳಿಸುವುದು ದುಬಾರಿ. ಅಲ್ಲದೆ ಪರೀಕ್ಷೆಯ ಉದ್ದೇಶ ತಿಳಿದ ಯುವಕ ತನಗರಿವಿಲ್ಲದೆಯೇ ಸಪ್ಪೆಯಾಗಿ ಮಾತನಾಡಿರಬಹುದು. ಕಾಗದಕ್ಕೆ ಈ ತೊಡಕಿಲ್ಲ. ತಮಿಳುನಾಡಿನ ಹಳ್ಳಿಯೊಂದರಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಹೋದ ಸೆಂಧಿಲ್ ಮುಲ್ಲೈನಾಥನ್ ಮತ್ತು ಮರಿಯಾನ್ ಬರ್ಟ್ರಾಂಡ್, ಬಾಸ್ಟನ್ ಮತ್ತು ಶಿಕಾಗೊದ ಪತ್ರಿಕಾ ಜಾಹೀರಾತುಗಳಿಗೆ ಸುಮಾರು 5,000 ಕಲ್ಪಿತ ಬಯೋಡೇಟಾಗಳನ್ನು ಕಳಿಸಿದರು. ಕೆಲವಕ್ಕೆ ಎಮಿಲಿ, ಗ್ರೆಗ್ ಎಂಬಂಥ ಹೆಸರು. ಕೆಲವಕ್ಕೆ ಕರಿಯರಲ್ಲೇ ಹೆಚ್ಚಾಗಿ ಕಾಣುವ ಲಕೀಶಾ, ಜಮಾಲ್ ಎಂಬಂಥವು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬಿಳಿಯ ಹೆಸರಿಗೆ ಶೇ. 9.65 ಕರೆ, ಕರಿಯ ಹೆಸರಿಗೆ ಶೇ. 6.45. ಒಂದು ಕರೆಗಾಗಿ ಎಮಿಲಿ ಹತ್ತು ಅರ್ಜಿ ಹಾಕಿದರೆ ಲಕೀಶಾ ಹದಿನೈದು ಹಾಕಬೇಕು. ಇದಕ್ಕಿಂತ ನನ್ನನ್ನು ಕಾಡಿದ್ದು ಅದೇ ಪ್ರಬಂಧದ ಮತ್ತೊಂದು ಫಲಿತಾಂಶ. ಬಯೋಡೇಟಾದ ಗುಣಮಟ್ಟ ಹೆಚ್ಚಿಸಿದಾಗ ಬಿಳಿಯ ಹೆಸರಿಗೆ ಬರುವ ಕರೆಗಳು ಸುಮಾರು ಶೇ. 30ರಷ್ಟು ಏರಿದವು, ಕರಿಯ ಹೆಸರಿಗೆ ಆದ ಏರಿಕೆ ತೀರಾ ಕಡಿಮೆ. ಚೆನ್ನಾಗಿ ಓದು, ತಾನಾಗಿಯೇ ದಾರಿಯಾಗುತ್ತದೆ ಎಂದು ಹಿರಿಯರು ಮಕ್ಕಳಿಗೆ ಹೇಳುವ ಮಾತಿದೆಯಲ್ಲ, ಆ ಮಾತು ಎಲ್ಲ ಮಕ್ಕಳಿಗೂ ಒಂದೇ ಬೆಲೆಗೆ ಮಾರಾಟವಾಗುತ್ತಿಲ್ಲ.

ಒಂದು ಅಧ್ಯಯನ ಒಂದು ನಗರದ್ದು, ಒಂದು ಕಾಲದ್ದು. ಕ್ವಿಲಿಯನ್ ಮತ್ತು ಸಂಗಡಿಗರು 1989ರಿಂದೀಚಿನ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ಲೆಕ್ಕ ಹಾಕಿದರು. ಬಿಳಿಯರಿಗೆ ಕರಿಯರಿಗಿಂತ ಸರಾಸರಿ ಶೇ. 36ರಷ್ಟು, ಲ್ಯಾಟಿನೋಗಳಿಗಿಂತ ಶೇ. 24ರಷ್ಟು ಹೆಚ್ಚು ಕರೆ. ಕಾಲು ಶತಮಾನದಲ್ಲಿ ಕರಿಯರ ವಿಷಯದಲ್ಲಿ ಇಳಿಕೆ ಕಾಣಲಿಲ್ಲ.

ಸರಾಸರಿ ಎಂಬ ಮಾತಿನ ಬಗ್ಗೆ ಎಚ್ಚರ ಬೇಕು. ಸರಾಸರಿಯನ್ನು ಓದುವವರು ಪ್ರತಿ ಮಾಲೀಕನಲ್ಲೂ ಅಷ್ಟಷ್ಟು ಪೂರ್ವಗ್ರಹವಿದೆ ಎಂದುಕೊಳ್ಳುತ್ತಾರೆ. ಪ್ಯಾಟ್ರಿಕ್ ಕ್ಲೈನ್, ಇವಾನ್ ರೋಸ್, ಕ್ರಿಸ್ಟೋಫರ್ ವಾಲ್ಟರ್ಸ್ ಅಮೆರಿಕದ 108 ದೈತ್ಯ ಕಂಪನಿಗಳಿಗೆ 83,000ಕ್ಕೂ ಹೆಚ್ಚು ಅರ್ಜಿ ಕಳಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟು ಅಂತರ ಸುಮಾರು 2 ಶೇಕಡಾಂಶ ಮಾತ್ರ. ಆದರೆ ಕರಿಯ ಹೆಸರುಗಳು ಕಳೆದುಕೊಂಡ ಕರೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಐದರಲ್ಲಿ ಒಂದು ಪಾಲು ಕಂಪನಿಗಳೇ ಕಾರಣ. ಬಹಳಷ್ಟು ಕಂಪನಿಗಳು ಹೆಚ್ಚುಕಡಿಮೆ ಸಮನಾಗಿಯೇ ನಡೆದುಕೊಂಡವು. ತಾರತಮ್ಯವೆಂಬುದು ಹವಾಮಾನದ ಹಾಗೆ ಎಲ್ಲೆಲ್ಲೂ ಹರಡಿದ್ದು, ಏನು ಮಾಡಲಾದೀತು ಎನ್ನುವವರಿಗೆ ಇದು ಉತ್ತರ. ಅದಕ್ಕೆ ವಿಳಾಸವಿದೆ.

ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಈ ವಿಧಾನದ ಮೇಲೆ ತೊಂಬತ್ತರ ದಶಕದಲ್ಲೇ ಎರಡು ಗಂಭೀರ ಆಕ್ಷೇಪ ಎತ್ತಿದ್ದರು. ಕೆಲಸ ಹುಡುಕುವವರು ತಮ್ಮನ್ನು ಬೇಡವೆನ್ನುವ ಕಡೆ ಹೋಗುವುದನ್ನೇ ಬಿಡುತ್ತಾರೆ, ಆದ್ದರಿಂದ ಎಲ್ಲ ಬಾಗಿಲನ್ನೂ ತಟ್ಟುವ ಪ್ರಯೋಗ ನಿಜಜೀವನದ ಪೆಟ್ಟನ್ನು ಹಿಗ್ಗಿಸಿ ತೋರಿಸಬಹುದು ಎಂಬುದು ಒಂದು. ಕಾಗದದಲ್ಲಿ ಕಾಣದ ಗುಣಗಳು ಒಂದು ಗುಂಪಿನಲ್ಲಿ ಹೆಚ್ಚು ಏರುಪೇರಾಗಿರುತ್ತವೆ ಎಂದು ಮಾಲೀಕ ನಂಬಿದ್ದರೆ, ಬಯೋಡೇಟಾವನ್ನು ಯಾವ ಮಟ್ಟದಲ್ಲಿ ಬರೆದಿದ್ದೀರಿ ಎಂಬುದರ ಮೇಲೇ ಫಲಿತಾಂಶ ವಾಲಬಹುದು ಎಂಬುದು ಇನ್ನೊಂದು. ಎರಡನೆಯದಕ್ಕೆ ಡೇವಿಡ್ ನ್ಯೂಮಾರ್ಕ್ 2012ರಲ್ಲಿ ಸಂಖ್ಯಾಶಾಸ್ತ್ರದ ಪರಿಹಾರ ಸೂಚಿಸಿದರು. ಮೊದಲನೆಯ ಆಕ್ಷೇಪದಲ್ಲಿ ಹುರುಳಿದೆ. ಆದರೆ ಬೇಡವೆನ್ನುವ ಬಾಗಿಲ ಕಡೆ ಹೋಗುವುದನ್ನೇ ಬಿಡುವುದೂ ಒಂದು ನಷ್ಟ. ಅದು ಯಾವ ಪ್ರಯೋಗದ ಲೆಕ್ಕಕ್ಕೂ ಸಿಗುವುದಿಲ್ಲ.

ಹಾಗಾದರೆ ಗುರುತನ್ನೇ ಮುಚ್ಚಿಬಿಟ್ಟರೆ? ಪೇಜರ್ ಅಧ್ಯಯನದ ನಂತರ ಬಲಗೊಂಡ ಚಳವಳಿಯೊಂದು ಇದನ್ನೇ ಕೇಳಿತು. ಅರ್ಜಿ ನಮೂನೆಯಲ್ಲಿ ‘ನಿಮಗೆ ಶಿಕ್ಷೆಯಾಗಿದೆಯೇ?’ ಎಂದು ಗುರುತು ಹಾಕಿಸುವ ಚೌಕವನ್ನೇ ತೆಗೆಯಿರಿ ಎಂದಿತು. 1998ರಲ್ಲಿ ಹವಾಯಿಯಲ್ಲಿ ಶುರುವಾದ ಇಂಥ ಕಾನೂನು ಹಲವು ರಾಜ್ಯ, ನಗರಗಳಿಗೆ ಹಬ್ಬಿತು. ಅಮಂಡಾ ಏಗನ್ ಮತ್ತು ಸೋನ್ಯಾ ಸ್ಟಾರ್ ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ನಗರದಲ್ಲಿ ಕಾನೂನು ಬರುವ ಮುಂಚೆ ಮತ್ತು ಬಂದ ಮೇಲೆ ಸುಮಾರು 15,000 ಅರ್ಜಿ ಕಳಿಸಿದರು. ಚೌಕವಿದ್ದ ಕಂಪನಿಗಳಲ್ಲಿ ಮುಂಚೆ ಬಿಳಿಯ ಹೆಸರಿಗೆ ಶೇ. 7ರಷ್ಟು ಹೆಚ್ಚು ಕರೆ ಬರುತ್ತಿತ್ತು. ಚೌಕ ಹೋದ ಮೇಲೆ ಆ ಅಂತರ ಶೇ. 43ಕ್ಕೆ ಏರಿತು. ಜೈಲು ಕಂಡಿದ್ದಾನೋ ಇಲ್ಲವೋ ತಿಳಿಯದಾದಾಗ ಮಾಲೀಕರು ಹೆಸರಿನಿಂದ ಊಹಿಸಿದರು. ನಿರಪರಾಧಿ ಕರಿಯನ ಕೈಯಲ್ಲಿದ್ದ ಒಂದೇ ಒಂದು ಪುರಾವೆ, ಖಾಲಿ ಬಿಟ್ಟ ಆ ಚೌಕ, ಕೈತಪ್ಪಿತು. ಇದನ್ನು ಆ ಕಾನೂನು ಬೇಡವೆನ್ನಲು ಬಳಸುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಜೈಲಿನಿಂದ ಬಂದವನಿಗೆ ಚೌಕ ಹೋದದ್ದು ಅನುಕೂಲವೇ. ಬಚ್ಚಿಟ್ಟ ಗುರುತಿನ ಜಾಗವನ್ನು ಊಹೆ ತುಂಬುತ್ತದೆ, ಊಹೆ ಹಳೆಯ ಜಾಡಿನಲ್ಲೇ ಹರಿಯುತ್ತದೆ ಎಂಬಷ್ಟನ್ನು ಮಾತ್ರ ಇಲ್ಲಿಂದ ಎತ್ತಿಕೊಂಡು ಮುಂದೆ ಹೋಗುತ್ತೇನೆ.

ಕೆಲಸ, ಮನೆಗಳ ಬಾಗಿಲಿನಲ್ಲಿ ನಡೆಯುವುದು ಜನಪ್ರತಿನಿಧಿಯ ಬಾಗಿಲಿನಲ್ಲೂ ನಡೆಯುತ್ತದೆ. 2008ರಲ್ಲಿ ಡೇನಿಯಲ್ ಬಟ್ಲರ್ ಮತ್ತು ಡೇವಿಡ್ ಬ್ರೂಕ್‌ಮನ್ ಅಮೆರಿಕದ 44 ರಾಜ್ಯಗಳ ಸುಮಾರು 4,800 ಶಾಸಕರಿಗೆ ಇಮೇಲ್ ಕಳಿಸಿ, ಮತದಾರರ ಪಟ್ಟಿಗೆ ಸೇರುವುದು ಹೇಗೆ ಎಂದು ಕೇಳಿದರು. ಕೆಲವು ಪತ್ರಗಳ ಕೆಳಗೆ ಜೇಕ್ ಮುಲ್ಲರ್ ಎಂಬ ಹೆಸರು, ಕೆಲವುದರ ಕೆಳಗೆ ಡಿಶಾನ್ ಜಾಕ್ಸನ್. ಎರಡನೆಯವನಿಗೆ ಸುಮಾರು 5 ಶೇಕಡಾಂಶ ಕಡಿಮೆ ಉತ್ತರ ಬಂತು. ಎರಡೂ ಪಕ್ಷಗಳ ಬಿಳಿಯ ಶಾಸಕರಲ್ಲಿ ಈ ಒಲವು ಕಂಡಿತು. ಅಲ್ಪಸಂಖ್ಯಾತ ಶಾಸಕರಲ್ಲಿ ಒಲವು ಇದರ ಎದುರು ದಿಕ್ಕಿಗೆ. ಏರಿಯಲ್ ವೈಟ್, ನೋವಾ ನೇಥನ್, ಜೂಲಿ ಫಾಲರ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಥಳೀಯ ಚುನಾವಣಾಧಿಕಾರಿಗಳಿಗೆ ಇಂಥದೇ ಪತ್ರ ಹೋಯಿತು. ಲ್ಯಾಟಿನೋ ಹೆಸರಿಗೆ ಉತ್ತರವೂ ಕಡಿಮೆ, ಬಂದ ಉತ್ತರದಲ್ಲಿ ಮಾಹಿತಿಯೂ ಕಡಿಮೆ. ಮತ ಹಾಕಲು ಏನು ಬೇಕು ಎಂದು ಕೇಳಿದವನಿಗೆ ಉತ್ತರ ಬಾರದಿದ್ದರೆ ಅವನು ಮತ ಹಾಕದೇ ಉಳಿಯಬಹುದು. ಆಮೇಲೆ ಆ ಜನಕ್ಕೆ ರಾಜಕೀಯದಲ್ಲಿ ಆಸಕ್ತಿಯಿಲ್ಲ ಎಂದು ನಾವೇ ವಿಶ್ಲೇಷಣೆ ಬರೆಯುತ್ತೇವೆ.

ಭಾರತದಲ್ಲಿ ಈ ವಿಷಯಕ್ಕೆ ಹೊಂದುವ ದೊಡ್ಡ ಪ್ರಯೋಗ ನಿಖರ್ ಗಾಯಕ್ವಾಡ್ ಮತ್ತು ಗ್ಯಾರೆತ್ ನೆಲ್ಲಿಸ್ ಅವರದ್ದು. 28 ನಗರಗಳ ಕಾರ್ಪೊರೇಟರ್‌ಗಳಿಗೆ ನಾಗರಿಕರ ಸಣ್ಣಪುಟ್ಟ ಕೋರಿಕೆಗಳ ಪತ್ರ ಹೋದವು. ಊರಿಗೆ ಹೊಸದಾಗಿ ಬಂದವನೆಂದು ಬರೆದುಕೊಂಡವನಿಗೆ, ಬಹುಕಾಲದಿಂದ ಇಲ್ಲೇ ಇದ್ದೇನೆ ಎಂದವನಿಗಿಂತ ಮರಳಿ ಫೋನು ಬರುವ ಸಾಧ್ಯತೆ ಶೇ. 24ರಷ್ಟು ಕಡಿಮೆ. ಹೊರಗಿನವರ ಮೇಲಿನ ದ್ವೇಷ ಇದಕ್ಕೆ ಮುಖ್ಯ ಕಾರಣವೆಂದು ಕಾಣಲಿಲ್ಲ. ಇವರು ಇಲ್ಲಿ ಮತ ಹಾಕುವವರಲ್ಲ ಎಂಬ ಎಣಿಕೆಯೇ ಹೆಚ್ಚು ಕೆಲಸ ಮಾಡಿತ್ತು. ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದು, ಹೆಸರನ್ನು ಊರಿನ ಮತಪಟ್ಟಿಯಲ್ಲೇ ಉಳಿಸಿಕೊಂಡ ಕುಟುಂಬಗಳು ಈ ಫಲಿತಾಂಶವನ್ನು ಓದದೆಯೇ ಬಲ್ಲವು.

ಇನ್ನು ಜಾತಿ. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಪ್ರಕಟಿಸಿದ ಅಧ್ಯಯನ ಭಾರತದಲ್ಲಿ ಈ ಬಗೆಯ ಮೊದಲ ದೊಡ್ಡ ಪ್ರಯತ್ನ. ಖಾಸಗಿ ಕಂಪನಿಗಳ ಪತ್ರಿಕಾ ಜಾಹೀರಾತುಗಳಿಗೆ 66 ವಾರಗಳ ಕಾಲ ಒಟ್ಟು 4,808 ಅರ್ಜಿ ಹೋದವು: ಮೇಲ್ಜಾತಿಯ ಹೆಸರು, ದಲಿತ ಹೆಸರು, ಮುಸ್ಲಿಂ ಹೆಸರು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಸಂದರ್ಶನದ ಕರೆ ಬರುವ ಸಾಧ್ಯತೆಯ ಅನುಪಾತ 0.67, ಮುಸ್ಲಿಂ ಹೆಸರಿಗೆ 0.33. ಪತ್ರಿಕೆಗಳಲ್ಲಿ ಇದನ್ನು ‘ಮೂರರಲ್ಲಿ ಎರಡು ಪಾಲು ಕರೆ’ ಎಂದು ಬರೆಯುವುದುಂಟು. ಇದು ಬಂದವುಗಳಿಗೂ ಬಾರದವುಗಳಿಗೂ ಇರುವ ಪ್ರಮಾಣಗಳ ಹೋಲಿಕೆ, ನೇರ ಶೇಕಡಾವಾರು ಅಲ್ಲ. ಕರೆಗಳೇ ವಿರಳವಾದಾಗ ಎರಡೂ ಹತ್ತಿರ ಬರುತ್ತವೆ ಎಂಬುದರಿಂದ ಆ ಬರವಣಿಗೆ ತೀರ ತಪ್ಪಲ್ಲ. ಅಭಿಜಿತ್ ಬ್ಯಾನರ್ಜಿ, ಬರ್ಟ್ರಾಂಡ್, ಮುಲ್ಲೈನಾಥನ್ ಮತ್ತು ಸೌಗತೊ ದತ್ತಾ ದೆಹಲಿಯಲ್ಲಿ ಮಾಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಸಾಫ್ಟ್‌ವೇರ್ ಕೆಲಸಗಳಲ್ಲಿ ಜಾತಿ ತಾರತಮ್ಯದ ಪುರಾವೆ ಸಿಗಲಿಲ್ಲ. ಕಾಲ್ ಸೆಂಟರ್ ಕೆಲಸಗಳಲ್ಲಿ ಮೇಲ್ಜಾತಿಯ ಹೆಸರಿಗೆ ಅನುಕೂಲ ಕಂಡಿತು. ಚೆನ್ನೈನಲ್ಲಿ ಜಹ್ರಾ ಸಿದ್ದಿಕ್ ಮಾಡಿದ ಪ್ರಯೋಗದಲ್ಲಿ ಕೆಳಜಾತಿಯ ಹೆಸರಿನವರು ಅಷ್ಟೇ ಕರೆಗಳಿಗಾಗಿ ಶೇ. 20ರಷ್ಟು ಹೆಚ್ಚು ಅರ್ಜಿ ಹಾಕಬೇಕಾಯಿತು.

ಸಾಫ್ಟ್‌ವೇರಿನ ಫಲಿತಾಂಶವನ್ನು ನಮ್ಮಲ್ಲಿ ಬಹಳ ಜನ ನೆಮ್ಮದಿಯಿಂದ ಉದ್ಧರಿಸುತ್ತಾರೆ. ಅದನ್ನು ಅಲ್ಲಗಳೆಯಲು ನನ್ನಲ್ಲಿ ಆಧಾರವಿಲ್ಲ. ಆದರೆ ಆ ಪ್ರಯೋಗ ಅಳೆದದ್ದು ಹೊಸ್ತಿಲನ್ನು ಮಾತ್ರ. ಅದೇ 2007ರಲ್ಲಿ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ದೊಡ್ಡ ಕಂಪನಿಗಳ ನೇಮಕಾತಿ ಅಧಿಕಾರಿಗಳನ್ನು ಮಾತನಾಡಿಸಿದ್ದರು. ಜಾತಿ ನೋಡುವುದಿಲ್ಲ, ಅರ್ಹತೆಯೇ ಎಲ್ಲ ಎಂದ ಅಧಿಕಾರಿಗಳೇ ಸಂದರ್ಶನದಲ್ಲಿ ಅಭ್ಯರ್ಥಿಯ ‘ಕುಟುಂಬದ ಹಿನ್ನೆಲೆ’ ಕೇಳುತ್ತೇವೆ ಎಂದೂ ಹೇಳಿದರು. ಅಪ್ಪ ಏನು ಮಾಡುತ್ತಾರೆ, ಎಲ್ಲಿ ಬೆಳೆದದ್ದು, ಮನೆಯಲ್ಲಿ ಯಾರು ಓದಿದ್ದಾರೆ? ಹೆಸರು ಹೇಳದ್ದನ್ನು ಈ ಪ್ರಶ್ನೆಗಳು ಹೇಳಿಸುತ್ತವೆ.

ಕನ್ನಡದಲ್ಲಿ ಇದಕ್ಕೆ ಎರಡೇ ಮಾತು ಸಾಕು: ಯಾವ ಜನ? ಬಾಡಿಗೆ ಮನೆ ನೋಡಲು ಹೋದವರಿಗೆ, ಹೆಣ್ಣು ನೋಡಲು ಹೋದವರಿಗೆ, ಹೊಸ ಊರಿನಲ್ಲಿ ನೀರು ಕೇಳಿದವರಿಗೂ ಈ ಪ್ರಶ್ನೆ ಎದುರಾಗುತ್ತದೆ. ಅದನ್ನು ಬಾಯಿಬಿಟ್ಟು ಕೇಳಬೇಕಾಗಿ ಬಂದಿರುವುದಕ್ಕೆ ಕಾರಣ, ಇಲ್ಲಿ ಹೆಸರೊಂದರಿಂದಲೇ ಜನ ಗೊತ್ತಾಗದಿರುವುದು. ಹಳೆ ಮೈಸೂರು ಸೀಮೆಯಲ್ಲಿ ಹೆಸರಿನ ಮುಂದೆ ಊರಿನ ಒಂದಕ್ಷರ, ಅಪ್ಪನ ಒಂದಕ್ಷರ ಸೇರಿಸಿದರೆ ಮುಗಿಯಿತು. ಮನೆತನದ ಹೆಸರೇ ಇಲ್ಲ. ಇರುವ ಕಡೆಯೂ ಅದು ಓದುಗನನ್ನು ದಾರಿ ತಪ್ಪಿಸುತ್ತದೆ. ಗೌಡ ಎಂದರೆ ಮಂಡ್ಯದಲ್ಲಿ ಒಕ್ಕಲಿಗ, ಉತ್ತರ ಕರ್ನಾಟಕದಲ್ಲಿ ಬಹುಮಟ್ಟಿಗೆ ಲಿಂಗಾಯತ ಮನೆತನ, ಅಂಕೋಲೆಯಲ್ಲಿ ಹಾಲಕ್ಕಿ. ನಾಯಕ ಎಂಬ ಒಂದೇ ಹೆಸರು ಕರಾವಳಿಯ ಗೌಡ ಸಾರಸ್ವತ ಬ್ರಾಹ್ಮಣನದೂ ಇರಬಹುದು, ಉತ್ತರ ಕನ್ನಡದ ನಾಡವನದೂ ಇರಬಹುದು, ಪರಿಶಿಷ್ಟ ಪಂಗಡಕ್ಕೆ ಸೇರಿದ ರಾಯಚೂರಿನ ವಾಲ್ಮೀಕಿಯದೂ ಇರಬಹುದು. ತುಸು ಉಚ್ಚಾರ ಬದಲಾದರೆ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ಲಂಬಾಣಿಯದೂ ಆಗಬಹುದು. ಎಮಿಲಿ ಮತ್ತು ಲಕೀಶಾ ಎಂಬಷ್ಟು ಸಲೀಸಾಗಿ ಇಲ್ಲಿ ಜೋಡಿ ಕಟ್ಟಲಾಗದು. ಅಮೆರಿಕದಲ್ಲೂ ಅದು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ ಎಂದು ಮೈಕೆಲ್ ಗ್ಯಾಡಿಸ್ 2017ರಲ್ಲಿ ತೋರಿಸಿದರು. ಒಂದೊಂದು ಹೆಸರನ್ನೂ ಜನರ ಮುಂದಿಟ್ಟು ಇದು ಯಾರದು ಎಂದು ಕೇಳಿದಾಗ, ಓದಿದ ತಾಯಂದಿರು ಹೆಚ್ಚಾಗಿ ಇಡುವ ಕರಿಯ ಹೆಸರುಗಳನ್ನು ಹಲವರು ಗುರುತಿಸಲೇ ಇಲ್ಲ.

ನಮ್ಮ ರಾಜ್ಯದೊಳಗೇ ಇನ್ನೊಂದು ಅಸಮಾನತೆ ಇದೆ. ಇದರ ಬಗ್ಗೆ ಬರೆದದ್ದನ್ನು ನಾನು ಹೆಚ್ಚು ಕಂಡಿಲ್ಲ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು ಇರುತ್ತದೆ. ಬಡಿಗೇರ, ಕುಂಬಾರ, ಹೂಗಾರ, ಹಡಪದ, ಮಾದರ, ಚಲವಾದಿ, ಕೆಲವೊಮ್ಮೆ ನೇರವಾಗಿ ಹರಿಜನ ಎಂದೇ ಶಾಲೆಯ ದಾಖಲೆಯಲ್ಲಿ ಸೇರಿಹೋಗಿರುತ್ತದೆ. ವಿಜಯಪುರದ ದಲಿತ ಹುಡುಗ ತನ್ನ ಜಾತಿಯನ್ನು ಅಂಕಪಟ್ಟಿಯ ಮೇಲೆಯೇ ಹೊತ್ತು ಬೆಂಗಳೂರಿಗೆ ಬರುತ್ತಾನೆ. ಚಾಮರಾಜನಗರದ ದಲಿತ ಹುಡುಗನಿಗೆ ಎರಡು ಇನಿಷಿಯಲ್‌ಗಳ ಮರೆಯಾದರೂ ಇರುತ್ತದೆ, ಸಂದರ್ಶನದ ಕೋಣೆಯವರೆಗೆ. ಯಾರು ಯಾವ ಹುದ್ದೆಯಲ್ಲಿ ಕೂತಿದ್ದಾರೆಂದು ಎಣಿಸುವ ಸಂಪ್ರದಾಯ ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನ 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದಾಗಿನಿಂದ ಆ ಎಣಿಕೆ ನಡೆಯುತ್ತಲೇ ಇದೆ. ಅದು ಕುರ್ಚಿಗಳ ಎಣಿಕೆ. ಬಾಗಿಲಲ್ಲಿ ಏನಾಗುತ್ತದೆಂಬುದು ಅದರಲ್ಲಿ ಬರುವುದಿಲ್ಲ. ಕಾನೂನಿನಲ್ಲೂ ಇಂಥದೇ ತೆರವಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ, ಲಿಂಗತ್ವ ಅಲ್ಪಸಂಖ್ಯಾತರ 2019ರ ಕಾಯ್ದೆ ಖಾಸಗಿ ಉದ್ಯೋಗದಲ್ಲಿನ ತಾರತಮ್ಯವನ್ನು ಮುಟ್ಟುತ್ತವೆ. ಖಾಸಗಿ ಕಂಪನಿ ಜಾತಿಯ ಕಾರಣಕ್ಕೆ ಅರ್ಜಿಯನ್ನು ಬದಿಗಿಟ್ಟರೆ ಪ್ರಶ್ನಿಸಲು ಅಂಥ ಸಮಗ್ರ ಕಾನೂನು ಇಲ್ಲ. ಸಾಕ್ಷ್ಯವೇ ಇಲ್ಲದ ಕಡೆ ಕಾನೂನಿಗಾಗಿ ಒತ್ತಾಯವೂ ಹುಟ್ಟುವುದಿಲ್ಲ. ಬ್ರಿಟನ್ನಿನಲ್ಲಿ ಸಾಕ್ಷ್ಯ ಮೊದಲು ಬಂತು.

ಕರ್ನಾಟಕದಲ್ಲಿ ಇಂಥ ಪ್ರಯೋಗ ಮಾಡುವವರಿಗೆ ಆ ಹಂಗೆರಿಯವನು ಬೇಕಾಗುವುದು ಇಲ್ಲಿ. ‘ಮಾದರ’ ಎಂಬ ಅಡ್ಡಹೆಸರಿನ ಅರ್ಜಿಗೆ ಬೆಂಗಳೂರಿನಿಂದ ಕರೆ ಬಾರದಿದ್ದರೆ, ಅದು ಜಾತಿಗಲ್ಲ, ಉತ್ತರ ಕರ್ನಾಟಕದವನು ಎಂಬ ಕಾರಣಕ್ಕೆ, ಇಂಗ್ಲಿಷ್ ಸಾಲದು ಎಂಬ ಭಯಕ್ಕೆ ಎಂದು ಹೇಳುವವರು ಇದ್ದೇ ಇರುತ್ತಾರೆ. ಆದ್ದರಿಂದ ಮೂರು ಅರ್ಜಿ ಬೇಕು. ಒಂದರಲ್ಲಿ ಇನಿಷಿಯಲ್ ಮಾತ್ರ ಇರುವ ಹಳೆ ಮೈಸೂರಿನ ಹೆಸರು. ಇನ್ನೊಂದರಲ್ಲಿ ‘ಮಾದರ’. ಮೂರನೆಯದರಲ್ಲಿ ಕುಷ್ಟಗಿ, ಹುನಗುಂದ, ಬಾದಾಮಿಯಂಥ, ಸೀಮೆಯನ್ನು ಹೇಳಿ ಜಾತಿಯನ್ನು ಹೇಳದ ಊರಿನ ಅಡ್ಡಹೆಸರು. ಕಳಿಸುವ ಮುಂಚೆ ಈ ಹೆಸರುಗಳನ್ನು ಬೆಂಗಳೂರಿನ ನೂರಿನ್ನೂರು ಜನರ ಮುಂದಿಟ್ಟು, ಇದು ಯಾವ ಕಡೆಯ ಹೆಸರು, ಯಾವ ಜನ ಅನ್ನಿಸುತ್ತದೆ ಎಂದು ಕೇಳಿ ಬರೆದುಕೊಳ್ಳಬೇಕು. ಊರಿನ ಹೆಸರಿನಿಂದಲೂ ಅವರು ಜಾತಿ ಊಹಿಸಿದರೆ ಅದನ್ನು ಬಿಟ್ಟು ಬೇರೆ ಹೆಸರು ಹುಡುಕಬೇಕು.